ಅಕ್ಷರವಿಲ್ಲದ ಕಲ್ಲಿನ ಊರು ಹುಡುಕಿದ್ದು ಹೇಗೆ? ಸ್ಟೋನ್‌ಹೆಂಜ್‌ನ ಒಂದು ಮರಳುಗಲ್ಲಿನ ಕಥೆ

ಶಾಸನದ ಮುಂದೆ ನಿಂತವರ ಕಣ್ಣು ಮೊದಲು ಹೋಗೋದು ಅಕ್ಷರದ ಕಡೆಗೆ. ಅದು ಸಹಜ. ಲಿಪಿ ಯಾವ ಕಾಲದ್ದು, ಅರಸ ಯಾರು, ದಾನ ಏನು, ಎಷ್ಟು ಸಾಲು ಉಳಿದಿದೆ, ಇಷ್ಟೆಲ್ಲ ಮುಗಿದ ಮೇಲೆ ಕಲ್ಲಿನ ಬಗ್ಗೆ ಒಂದು ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಅಕ್ಷರ ಹೇಳದ ಎಷ್ಟೋ ಸಂಗತಿಗಳು ಕಲ್ಲಿನೊಳಗೆ ಇರುತ್ತವೆ.

ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ನಿಂತಿರುವ ಅಶೋಕನ ಮರಳುಗಲ್ಲಿನ ಕಂಬವನ್ನೇ ತಗೊಳ್ಳಿ. ಅದರ ಮೇಲೆ ಅಶೋಕನ ಏಳೂ ಸ್ತಂಭಶಾಸನಗಳಿವೆ. ಅವನ್ನು ಎಷ್ಟು ಸಲ ಓದಿದರೂ ಈ ಕಂಬ ಮೊದಲು ಯಾವ ಊರಲ್ಲಿತ್ತು ಅಂತ ತಿಳಿಯೋದಿಲ್ಲ. ಈಗಿನ ಹರಿಯಾಣದ ತೋಪ್ರಾದಿಂದ ಅದನ್ನು 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಸಾಗಿಸಿ ತಂದ ಎಂದು ನಮಗೆ ಗೊತ್ತಿರುವುದು ಶಮ್ಸ್-ಇ-ಸಿರಾಜ್ ಅಫೀಫ್ ಅದನ್ನು ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದರಿಂದ. ಅಫೀಫ್ ಬರೆಯದೇ ಹೋಗಿದ್ದರೆ, ದೆಹಲಿಯಲ್ಲೇ ಅಶೋಕ ನಿಲ್ಲಿಸಿದ ಕಂಬ ಇದು ಅಂತ ನಾವು ಪಾಠ ಮಾಡುತ್ತಿದ್ದೆವೋ ಏನೋ.

ಹಾಗಾದರೆ, ಬರೆದಿಟ್ಟವರು ಯಾರೂ ಇಲ್ಲ, ಕಲ್ಲಿನ ಮೇಲೆ ಒಂದು ಅಕ್ಷರವೂ ಇಲ್ಲ ಅಂತಾದರೆ? ಆಗ ಕಲ್ಲನ್ನೇ ಓದಬೇಕು. ಅದನ್ನು ಓದುವ ವಿದ್ಯೆ ಎಷ್ಟು ದೂರ ಬಂದಿದೆ, ಎಲ್ಲಿ ನಿಲ್ಲುತ್ತದೆ ಅನ್ನೋದಕ್ಕೆ ಇತ್ತೀಚಿನ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ನಡುವೆ ಬಿದ್ದಿರುವ ಒಂದು ಮರಳುಗಲ್ಲು. ಹೆಸರು ಆಲ್ಟರ್ ಸ್ಟೋನ್. ನೂರು ವರ್ಷ ಅದರ ಊರು ವೇಲ್ಸ್ ಎಂದೇ ಎಲ್ಲರೂ ನಂಬಿದ್ದರು.

ಕಲ್ಲು ಮತ್ತು ಅದರ ಹೆಸರು

ದಕ್ಷಿಣ ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನಲ್ಲಿರುವ ಸ್ಟೋನ್‌ಹೆಂಜ್‌ನಲ್ಲಿ ಮುಖ್ಯವಾಗಿ ಎರಡು ಬಗೆಯ ಕಲ್ಲುಗಳಿವೆ. ಚಿತ್ರಗಳಲ್ಲಿ ನಾವು ನೋಡುವ, ಮೇಲೆ ಅಡ್ಡಗಲ್ಲು ಹೊತ್ತ ಭಾರಿ ಕಂಬಗಳು ಸಾರ್ಸೆನ್ ಕಲ್ಲುಗಳು. ಒಂದೊಂದೂ ಹತ್ತಾರು ಟನ್ ತೂಕ. ಅವುಗಳ ನಡುವೆ ಇರುವ ಚಿಕ್ಕ ಕಲ್ಲುಗಳಿಗೆಲ್ಲ ಸೇರಿ ಬ್ಲೂಸ್ಟೋನ್ ಅಂತ ಹೆಸರು. ಆದರೆ ಇದು ಶಿಲೆಯ ಜಾತಿಯ ಹೆಸರಲ್ಲ. 'ಈ ಊರಿನದಲ್ಲದ ಕಲ್ಲು' ಅನ್ನೋದಕ್ಕೆ ಇಟ್ಟುಕೊಂಡ ಹೆಸರು ಅಷ್ಟೇ. ಡಾಲರೈಟ್, ರಯೋಲೈಟ್, ಒಂದೆರಡು ಬಗೆಯ ಮರಳುಗಲ್ಲು ಎಲ್ಲವೂ ಈ ಒಂದೇ ಚೀಲದಲ್ಲಿ ಬಿದ್ದಿದ್ದವು.

ಆಲ್ಟರ್ ಸ್ಟೋನ್ ಕೂಡ ಅದೇ ಚೀಲದಲ್ಲಿತ್ತು. ಸುಮಾರು 5 ಮೀಟರ್ ಉದ್ದ, 1 ಮೀಟರ್ ಅಗಲ, ಅರ್ಧ ಮೀಟರ್ ದಪ್ಪ. ತೂಕ ಸುಮಾರು 6 ಟನ್. ಬೂದು-ಹಸಿರು ಬಣ್ಣದ ನುಣುಪಾದ ಮರಳುಗಲ್ಲು, ನಡುನಡುವೆ ಅಭ್ರಕದ ಹೊಳಪು. ಉರುಳಿಬಿದ್ದ ಎರಡು ಸಾರ್ಸೆನ್ ಕಲ್ಲುಗಳ ಅಡಿಯಲ್ಲಿ ಸಿಕ್ಕಿಕೊಂಡು ಮಲಗಿದೆ. ಮೊದಲಿಂದಲೂ ಮಲಗಿಸಿಯೇ ಇಟ್ಟಿದ್ದರೋ, ನಿಂತಿದ್ದದ್ದು ಬಿತ್ತೋ ಅನ್ನೋದು ಇನ್ನೂ ಚರ್ಚೆಯ ವಿಷಯ. 'ಬಲಿಪೀಠ' ಎಂಬರ್ಥದ ಹೆಸರು ಬಂದದ್ದು 17ನೇ ಶತಮಾನದಲ್ಲಿ, ವಾಸ್ತುಶಿಲ್ಪಿ ಇನಿಗೋ ಜೋನ್ಸ್‌ನಿಂದ. ಅಲ್ಲಿ ಬಲಿ ಕೊಡುತ್ತಿದ್ದರು ಅನ್ನೋದಕ್ಕೆ ಪುರಾವೆ ಇಲ್ಲ. ನಮ್ಮಲ್ಲಿ ಹಳೇ ಗುಡಿಗಳಿಗೆಲ್ಲ 'ಪಾಂಡವರ ಗುಡಿ' ಅಂತ ಕರೆದ ಹಾಗೆ.

ಕಲ್ಲುಗಳು ದೂರದಿಂದ ಬಂದವು ಅನ್ನೋ ಐತಿಹ್ಯ ಹಳೆಯದು. 12ನೇ ಶತಮಾನದ ಜೆಫ್ರಿ ಆಫ್ ಮನ್‌ಮೌತ್, ಮೆರ್ಲಿನ್ ಎಂಬ ಮಾಂತ್ರಿಕ ಅವನ್ನು ಐರ್ಲೆಂಡಿನಿಂದ ತಂದ ಅಂತ ಬರೆದ. ಅದು ಕಥೆ. ಶಾಸ್ತ್ರೀಯವಾದ ಮೊದಲ ಗಟ್ಟಿ ಉತ್ತರ ಬಂದದ್ದು 1923ರಲ್ಲಿ.

1923: ಸೂಕ್ಷ್ಮದರ್ಶಕದಡಿ ಕಂಡ ವೇಲ್ಸ್

ಆ ವರ್ಷ ಹರ್ಬರ್ಟ್ ಹೆನ್ರಿ ಥಾಮಸ್ ಎಂಬ ಭೂವಿಜ್ಞಾನಿ, ಬ್ಲೂಸ್ಟೋನ್‌ಗಳಲ್ಲಿ ಬಿಳಿ ಚುಕ್ಕೆಗಳಿರುವ ಡಾಲರೈಟ್ ಕಲ್ಲುಗಳು ಪಶ್ಚಿಮ ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಿಂದ ಬಂದವು ಎಂದು ತೋರಿಸಿದರು. ಅವರು ಬಳಸಿದ್ದು ಪೆಟ್ರೋಗ್ರಫಿ. ವಿಧಾನ ಸರಳ. ಕಲ್ಲಿನ ಒಂದು ಚಕ್ಕೆಯನ್ನು ಗಾಜಿನ ಪಟ್ಟಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಬರುವ ತನಕ ತೇಯುತ್ತಾರೆ. ಅಷ್ಟು ತೆಳುವಾದ ಮೇಲೆ ಕಲ್ಲಿನೊಳಗೆ ಬೆಳಕು ಹಾಯುತ್ತದೆ. ಧ್ರುವೀಕರಿಸಿದ ಬೆಳಕಿನಲ್ಲಿ ಒಂದೊಂದು ಖನಿಜಕ್ಕೂ ತನ್ನದೇ ಬಣ್ಣ, ತನ್ನದೇ ಗೆರೆ. ಕಲ್ಲಿನಲ್ಲಿ ಏನೇನಿದೆ, ಕಣಗಳು ಎಷ್ಟು ದೊಡ್ಡವು, ಮೂಲೆಗಳು ಸವೆದಿವೆಯೇ ಚೂಪಾಗಿವೆಯೇ, ಕಣಗಳನ್ನು ಹಿಡಿದಿಟ್ಟಿರುವ ಅಂಟು ಯಾವುದು, ಎಲ್ಲವೂ ಕಾಣುತ್ತದೆ. ಶಾಸನದ ಪಡಿಯಚ್ಚು ತೆಗೆದಾಗ ಬರಿಗಣ್ಣಿಗೆ ಕಾಣದ ಅಕ್ಷರ ಎದ್ದು ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ರೀತಿ.

ಡಾಲರೈಟ್ ವಿಷಯದಲ್ಲಿ ಥಾಮಸ್ ಹೇಳಿದ ಸೀಮೆ ಇವತ್ತಿಗೂ ಸರಿ. ಈಗ ಅದು ಇನ್ನಷ್ಟು ಖಚಿತವಾಗಿ ಕಾರ್ನ್ ಗೋಯ್ಡಾಗ್ ಎಂಬ ಬಂಡೆಗುಡ್ಡದವರೆಗೆ ಹೋಗಿದೆ. ಆಲ್ಟರ್ ಸ್ಟೋನ್ ಬಗ್ಗೆ ಅವರು ಅಷ್ಟು ಖಚಿತವಾಗಿರಲಿಲ್ಲ. 'ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್' ಎನ್ನುವ ಶಿಲಾಸ್ತರದ್ದು, ದಕ್ಷಿಣ ವೇಲ್ಸ್‌ನದಿರಬೇಕು ಅಂದರು. ಅವರು ಸೂಚಿಸಿದ ಜಾಗಗಳಲ್ಲಿ ಒಂದು ಮಿಲ್‌ಫರ್ಡ್ ಹೇವನ್ ಎಂಬ ಸಮುದ್ರ ಚಾಚಿನ ದಂಡೆ.

ಆ ಸೂಚನೆ ಎಲ್ಲರಿಗೂ ಹಿಡಿಸಿತು. ಯಾಕಂದ್ರೆ ಕಥೆ ಸಲೀಸಾಗಿ ಕೂಡಿಬರುತ್ತಿತ್ತು: ಪ್ರೆಸೆಲಿ ಬೆಟ್ಟದಿಂದ ಕಲ್ಲು ಇಳಿಸಿ, ಮಿಲ್‌ಫರ್ಡ್ ಹೇವನ್‌ನಲ್ಲಿ ತೆಪ್ಪಕ್ಕೆ ಹಾಕುವಾಗ, ಹಾದಿಯಲ್ಲೇ ಸಿಕ್ಕ ಈ ಕಲ್ಲನ್ನೂ ಹಾಕಿಕೊಂಡು ಹೋದರು. 2000ನೇ ಇಸವಿಯಲ್ಲಿ ಆ ದಾರಿಯನ್ನೇ ಪರೀಕ್ಷೆ ಮಾಡಲು ಹೊರಟವರ ಕಲ್ಲು ಸಮುದ್ರದಲ್ಲಿ ಮುಳುಗಿತು. ಆದರೂ ಆಲ್ಟರ್ ಸ್ಟೋನ್ ವೇಲ್ಸ್‌ನದು ಎಂಬ ನಂಬಿಕೆ ಮುಳುಗಲಿಲ್ಲ.

ಮರಳುಗಲ್ಲಿನ ವಿಚಾರದಲ್ಲಿ ಕಷ್ಟ ಯಾಕೆ?

ಡಾಲರೈಟ್, ರಯೋಲೈಟ್ ಇವೆಲ್ಲ ಶಿಲಾರಸ ತಣಿದು ಆದ ಕಲ್ಲುಗಳು. ಒಂದು ಗುಡ್ಡದ ಡಾಲರೈಟ್‌ಗೂ ಪಕ್ಕದ ಗುಡ್ಡದ್ದಕ್ಕೂ ರಾಸಾಯನಿಕವಾಗಿ ವ್ಯತ್ಯಾಸ ಸಿಗುವುದುಂಟು. ಮರಳುಗಲ್ಲು ಹಾಗಲ್ಲ. ಅದು ಎರಡನೇ ಕೈ ಸರಕು. ಎಲ್ಲೋ ಇದ್ದ ಬೆಟ್ಟ ಸವೆದು, ನದಿ ಆ ಮರಳನ್ನು ಹೊತ್ತು ತಂದು ಬಯಲಿನಲ್ಲೋ ಕೆರೆಯಲ್ಲೋ ಸುರಿದು, ಕೋಟ್ಯಂತರ ವರ್ಷ ಒತ್ತಡದಲ್ಲಿದ್ದು, ಕಣಗಳ ನಡುವೆ ಸುಣ್ಣವೋ ಸಿಲಿಕವೋ ಕಬ್ಬಿಣದ ಆಕ್ಸೈಡೋ ಸೇರಿ ಗಟ್ಟಿಯಾದರೆ ಮರಳುಗಲ್ಲು. ಬಾದಾಮಿಯ ಗುಹೆಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬಂಡೆಯಲ್ಲಿ ಕಾಣುವ ಪದರ ಪದರದ ಗೆರೆಗಳು ನೀರು ಮರಳನ್ನು ಹರಡಿದ ಗುರುತು, ಕೆಂಪು ಬಣ್ಣ ಕಬ್ಬಿಣದ ಅಂಶದ್ದು.

ಹೀಗಾಗಿ ಮರಳುಗಲ್ಲಿಗೆ ಎರಡು ವಿಳಾಸ. ಒಂದು, ಅದು ಕಲ್ಲಾದ ಜಾಗ. ಇನ್ನೊಂದು, ಅದರ ಕಣಗಳು ಹುಟ್ಟಿದ ಬೆಟ್ಟ. ಕಲ್ಲು ಕಡಿದವರು ಹೋದದ್ದು ಮೊದಲನೇ ವಿಳಾಸಕ್ಕೆ. ಆದರೆ ಆಲ್ಟರ್ ಸ್ಟೋನ್ ವಿಷಯದಲ್ಲಿ ಬಾಗಿಲು ತೆರೆದದ್ದು ಎರಡನೇ ವಿಳಾಸದಿಂದ.

ಮೊದಲು ಗೊತ್ತಾಗಬೇಕಿದ್ದದ್ದು: ಈ ಚಕ್ಕೆ ಆ ಕಲ್ಲಿನದೇ ಹೌದೇ?

ಆಲ್ಟರ್ ಸ್ಟೋನ್‌ನಿಂದ ಈಗ ಹೊಸದಾಗಿ ಚೂರು ಒಡೆಯುವಂತಿಲ್ಲ. ಸ್ಟೋನ್‌ಹೆಂಜ್ ಮಣ್ಣಿನಲ್ಲಿ ಮರಳುಗಲ್ಲಿನ ಚಕ್ಕೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವೆಲ್ಲ ಆಲ್ಟರ್ ಸ್ಟೋನ್‌ನವು ಎನ್ನುವ ಹಾಗಿಲ್ಲ, ಅಲ್ಲಿ ಬೇರೆ, ಇನ್ನೂ ಹಳೆಯ ಕಾಲದ ಮರಳುಗಲ್ಲಿನ ಮೋಟು ಕಂಬಗಳೂ ಹೂತಿವೆ. ತಪ್ಪು ಚಕ್ಕೆ ಹಿಡಿದುಕೊಂಡು ಎಷ್ಟು ದುಬಾರಿ ಯಂತ್ರದಲ್ಲಿ ಪರೀಕ್ಷೆ ಮಾಡಿದರೂ ಸಿಗೋದು ತಪ್ಪು ಕಲ್ಲಿನ ವಿಳಾಸ.

ಇಲ್ಲಿ ನೆರವಾದದ್ದು ಹಳೇ ವಸ್ತುಸಂಗ್ರಹಾಲಯ. 1844ರಲ್ಲಿ ಆಲ್ಟರ್ ಸ್ಟೋನ್‌ನದು ಅಂತ ಚೀಟಿ ಹಚ್ಚಿ ಇಟ್ಟಿದ್ದ ಒಂದು ತುಣುಕು ಉಳಿದುಕೊಂಡಿತ್ತು. ಚೀಟಿಯನ್ನು ನಂಬಬಹುದೇ? ರಿಚರ್ಡ್ ಬೆವಿನ್ಸ್, ನಿಕ್ ಪಿಯರ್ಸ್, ರಾಬ್ ಇಕ್ಸರ್ ಮತ್ತು ಜೊತೆಗಾರರು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೋರೊಸೆನ್ಸ್ ಯಂತ್ರವನ್ನು ಆಲ್ಟರ್ ಸ್ಟೋನ್ ಮೇಲೇ ಇಟ್ಟು ಅಳೆದರು. ಈ ಯಂತ್ರ ಕಲ್ಲನ್ನು ಗೀರೋದೂ ಇಲ್ಲ, ಒಡೆಯೋದೂ ಇಲ್ಲ. ಎಕ್ಸ್-ಕಿರಣ ತಾಗಿದಾಗ ಒಂದೊಂದು ಮೂಲಧಾತುವೂ ತನ್ನದೇ ಶಕ್ತಿಯ ಕಿರಣ ಹೊಮ್ಮಿಸುತ್ತದೆ, ಅದನ್ನು ಎಣಿಸುತ್ತದೆ ಅಷ್ಟೇ. ಫಲಿತಾಂಶದಲ್ಲಿ ಎದ್ದು ಕಂಡದ್ದು ಬೇರಿಯಂ. ಈ ಕಲ್ಲಿನಲ್ಲಿ ಕಣಗಳ ನಡುವೆ ಬೆರೈಟ್ ಖನಿಜ ಇರುವುದರಿಂದ ಬೇರಿಯಂ ಪ್ರಮಾಣ ಸಾಮಾನ್ಯ ಮರಳುಗಲ್ಲಿಗಿಂತ ಹೆಚ್ಚು. 1844ರ ತುಣುಕಿನಲ್ಲೂ ಅದೇ ಗುರುತು. ಚೀಟಿ ನಿಜ ಹೇಳಿತ್ತು. ಮಣ್ಣಿನಲ್ಲಿ ಸಿಕ್ಕ ಚಕ್ಕೆಗಳಲ್ಲಿ ಯಾವುವು ಆಲ್ಟರ್ ಸ್ಟೋನ್‌ನವು ಅಂತ ವಿಂಗಡಿಸಲೂ ಈಗ ದಾರಿಯಾಯಿತು.

ಸಾರ್ಸೆನ್ ಕಲ್ಲುಗಳ ಊರು ಸಿಕ್ಕಿದ್ದೂ ಹೀಗೆ ಯಾರೋ ಜೋಪಾನ ಮಾಡಿದ ಚೂರಿನಿಂದಲೇ. ಸಾರ್ಸೆನ್ ಕೂಡ ಮೂಲದಲ್ಲಿ ಮರಳೇ, ಸಿಲಿಕ ಸೇರಿ ಕಬ್ಬಿಣದಷ್ಟು ಗಟ್ಟಿಯಾದದ್ದು. 1958ರ ದುರಸ್ತಿ ಕೆಲಸದಲ್ಲಿ 58ನೇ ಸಂಖ್ಯೆಯ ಕಂಬಕ್ಕೆ ರಂಧ್ರ ಕೊರೆದಾಗ ಬಂದ ಕಲ್ಲಿನ ಕೊಳವೆಯಂಥ ತುಂಡನ್ನು ಕೆಲಸಗಾರರಲ್ಲಿ ಒಬ್ಬರಾದ ರಾಬರ್ಟ್ ಫಿಲಿಪ್ಸ್ ಅರವತ್ತು ವರ್ಷ ಇಟ್ಟುಕೊಂಡಿದ್ದು, ವಾಪಸ್ ಕೊಟ್ಟರು. ಡೇವಿಡ್ ನ್ಯಾಶ್ ಮತ್ತು ತಂಡ ಅದರ ಸೂಕ್ಷ್ಮಧಾತುಗಳನ್ನು ಅಳೆದು, 20 ಜಾಗಗಳ ಸಾರ್ಸೆನ್ ಜೊತೆ ಹೋಲಿಸಿ, 2020ರಲ್ಲಿ ಉತ್ತರ ಹೇಳಿದರು: ವೆಸ್ಟ್ ವುಡ್ಸ್, ಸ್ಟೋನ್‌ಹೆಂಜ್‌ನಿಂದ ಸುಮಾರು 25 ಕಿಲೋಮೀಟರ್. ಉಳಿದಿರುವ 52 ಸಾರ್ಸೆನ್‌ಗಳಲ್ಲಿ 50ರ ರಸಾಯನ ಒಂದೇ ತೆರ.

ವೇಲ್ಸ್ ಬಾಗಿಲು ಮುಚ್ಚಿದ್ದು

ಗುರುತು ಕೈಗೆ ಬಂದ ಮೇಲೆ ಹುಡುಕಾಟ ಶುರು. ಆದರೆ ಇಲ್ಲಿ ಕೆಲಸ ನಡೆದದ್ದು 'ಇದು' ಅನ್ನುವುದಕ್ಕಿಂತ 'ಇದಲ್ಲ, ಇದೂ ಅಲ್ಲ' ಅನ್ನುವ ದಾರಿಯಲ್ಲಿ. 2020ರ ಹೊತ್ತಿಗೆ ಮಿಲ್‌ಫರ್ಡ್ ಹೇವನ್ ದಂಡೆಯ ಕಲ್ಲು ಅಲ್ಲ ಅಂತ ಖನಿಜ ಪರೀಕ್ಷೆ ಹೇಳಿತು. ತೆಪ್ಪದ ಕಥೆಯಿಂದ ಆಲ್ಟರ್ ಸ್ಟೋನ್ ಹೊರಗೆ ಬಂತು. ಆಮೇಲೆ ವೇಲ್ಸ್ ಮತ್ತು ಅದರ ಗಡಿ ಪ್ರದೇಶದ ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್‌ನ ಹತ್ತಾರು ಮಾದರಿಗಳನ್ನು ಸಾಲಾಗಿ ಹೋಲಿಸಿದರು. ಬೇರಿಯಂ ಹೊಂದೋದಿಲ್ಲ. ಅಲ್ಪಸ್ವಲ್ಪ ಹೊಂದಿದ ಒಂದೆರಡು ಕಡೆ ಖನಿಜಗಳು ಹೊಂದೋದಿಲ್ಲ. 2023ರಲ್ಲಿ ಅವರು ಬರೆದರು: ಈ ಕಲ್ಲು ಬಹುಶಃ ಇಡೀ ಆ ಶಿಲಾಪ್ರದೇಶದ್ದೇ ಅಲ್ಲ, ಬ್ಲೂಸ್ಟೋನ್ ಪಟ್ಟಿಯಿಂದಲೂ ತೆಗೆಯುವುದು ಒಳ್ಳೆಯದು.

ಒಂದು ಹೆಸರಿನ ಚೀಲದಲ್ಲಿ ಸೇರಿಸಿದ್ದಕ್ಕೇ ನೂರು ವರ್ಷ ಎಲ್ಲರೂ ಒಂದೇ ದಿಕ್ಕಿಗೆ ನೋಡಿದ್ದರು. ಉಳಿದ ಬ್ಲೂಸ್ಟೋನ್‌ಗಳು ವೇಲ್ಸ್‌ನವು, ಇದೂ ಬ್ಲೂಸ್ಟೋನ್, ಆದ್ದರಿಂದ ಇದೂ ವೇಲ್ಸ್‌ನದು. ಲಿಪಿಯ ಆಕಾರ ನೋಡಿ ಒಂದು ಶಾಸನವನ್ನು ಒಂದು ರಾಜವಂಶದ ಲೆಕ್ಕಕ್ಕೆ ಬರೆದುಬಿಟ್ಟರೆ ಆಮೇಲೆ ಯಾರೂ ಮರುಪರೀಕ್ಷೆ ಮಾಡದೆ ಹಾಗೇ ಮುಂದುವರಿಯುವುದು ನಮ್ಮ ಕ್ಷೇತ್ರದವರಿಗೂ ಹೊಸದಲ್ಲ.

ಕಣಗಳ ವಯಸ್ಸು ಕೇಳಿದಾಗ

2024ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಬಂತು. ಮೊದಲ ಲೇಖಕ ಆಂಟನಿ ಕ್ಲಾರ್ಕ್, ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ಅವರ ಹುಟ್ಟೂರು ಇರೋದು ಅದೇ ಪ್ರೆಸೆಲಿ ಬೆಟ್ಟಗಳ ಮಡಿಲಲ್ಲಿ. ವೇಲ್ಸ್‌ನ ಹುಡುಗನೇ ಆ ಕಲ್ಲು ವೇಲ್ಸ್‌ನದಲ್ಲ ಅಂತ ತೋರಿಸಿದ ಹಾಗಾಯಿತು.

ಅವರು ಕೇಳಿದ ಪ್ರಶ್ನೆ ಬೇರೆ: ಈ ಕಲ್ಲಿನೊಳಗಿನ ಮರಳು ಯಾವ ಬೆಟ್ಟದ್ದು? ಮರಳುಗಲ್ಲಿನಲ್ಲಿ ಸ್ಫಟಿಕದ ನಡುವೆ ಜಿರ್ಕಾನ್, ಅಪಟೈಟ್, ರುಟೈಲ್ ಎಂಬ ಖನಿಜಗಳ ಅತಿ ಚಿಕ್ಕ ಕಣಗಳು ಇರುತ್ತವೆ. ಇವುಗಳು ಹುಟ್ಟುವಾಗ ಸ್ವಲ್ಪ ಯುರೇನಿಯಂ ಒಳಗೆ ಸೇರಿಕೊಳ್ಳುತ್ತದೆ. ಅದು ನಿಧಾನವಾಗಿ, ಆದರೆ ಗೊತ್ತಿರುವ ಒಂದೇ ವೇಗದಲ್ಲಿ, ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧದಷ್ಟು ಕರಗಲು ಸುಮಾರು 447 ಕೋಟಿ ವರ್ಷ ಬೇಕು. ಕೂದಲೆಳೆಯಷ್ಟು ಅಗಲದ ಗುಳಿಯನ್ನು ಲೇಸರ್‌ನಿಂದ ಕೊರೆದು, ಬಂದ ಪುಡಿಯಲ್ಲಿ ಯುರೇನಿಯಂ ಎಷ್ಟು, ಸೀಸ ಎಷ್ಟು ಅಂತ ಅಳೆದರೆ ಆ ಕಣದ ವಯಸ್ಸು ಸಿಗುತ್ತದೆ. ಶಕವರ್ಷ ಕೊಟ್ಟ ಶಾಸನ ಸಿಕ್ಕಷ್ಟೇ ಸಂತೋಷದ ವಿಷಯ ಇದು. ಒಂದು ಚಕ್ಕೆಯಲ್ಲಿ ಇಂಥ ಹಲವಾರು ಕಣಗಳು, ಹಲವಾರು ತೇದಿಗಳು.

ಸಿಕ್ಕ ತೇದಿಗಳು ಎರಡು ಗುಂಪು. ಜಿರ್ಕಾನ್‌ಗಳಲ್ಲಿ ಹೆಚ್ಚಿನವು 100ರಿಂದ 200 ಕೋಟಿ ವರ್ಷ ಹಳೆಯವು, ಕೆಲವು 250 ಕೋಟಿ ದಾಟಿದವು. ಅಪಟೈಟ್, ರುಟೈಲ್ ಕಣಗಳಲ್ಲಿ ಸುಮಾರು 46 ಕೋಟಿ ವರ್ಷದ ಹಿಂದಿನ ಗುರುತು ಬಲವಾಗಿತ್ತು. ಆ ಕಾಲದಲ್ಲಿ ಸ್ಕಾಟ್ಲೆಂಡ್ ಇದ್ದದ್ದು ಲಾರೆನ್ಷಿಯಾ ಎಂಬ ಪ್ರಾಚೀನ ಖಂಡದ ಅಂಚಿನಲ್ಲಿ. ದಕ್ಷಿಣ ಇಂಗ್ಲೆಂಡ್ ಮತ್ತು ವೇಲ್ಸ್ ಇದ್ದದ್ದು ನಡುವೆ ಒಂದು ಸಾಗರ ದಾಟಿ ಆಚೆ, ಬೇರೆ ಭೂಭಾಗದಲ್ಲಿ. 100-200 ಕೋಟಿ ವರ್ಷದ ತಳಕಲ್ಲು, ಅದರ ಮೇಲೆ 46 ಕೋಟಿ ವರ್ಷದ ಹಿಂದಿನ ಶಿಲಾರಸ ಮತ್ತು ಕಾವಿನ ಅಚ್ಚು, ಈ ಜೋಡಿ ಲಾರೆನ್ಷಿಯಾ ಕಡೆಯ ಸಹಿ. ಪ್ರಕಟವಾಗಿದ್ದ ಬ್ರಿಟನ್ ಮತ್ತು ಐರ್ಲೆಂಡಿನ ಮರಳುಗಲ್ಲುಗಳ ತೇದಿಗಳ ಜೊತೆ ಹೋಲಿಸಿದಾಗ, ಶೇಕಡಾ 95ಕ್ಕೂ ಹೆಚ್ಚು ಖಚಿತತೆಯಲ್ಲಿ ಹೊಂದಿದ್ದು ಈಶಾನ್ಯ ಸ್ಕಾಟ್ಲೆಂಡಿನ ಆರ್ಕೇಡಿಯನ್ ಬೇಸಿನ್. ಕೇಯ್ತ್‌ನೆಸ್, ಆರ್ಕ್ನಿ ದ್ವೀಪಗಳು ಎಲ್ಲ ಸೇರುವ ಪ್ರದೇಶ, ಒಂದು ಕಾಲದ ಭಾರಿ ಸರೋವರದ ಪಾತ್ರ. ಅಲ್ಲಿಂದ ಸ್ಟೋನ್‌ಹೆಂಜ್‌ಗೆ ಕಡಿಮೆಯೆಂದರೂ 750 ಕಿಲೋಮೀಟರ್.

ಸುದ್ದಿ ಬಂದ ಕೂಡಲೇ ಎಲ್ಲರ ಬಾಯಲ್ಲೂ ಆರ್ಕ್ನಿ. ಅಲ್ಲಿ ಸ್ಟೆನೆಸ್, ಬ್ರೋಡ್ಗರ್ ಎಂಬ ದೊಡ್ಡ ಶಿಲಾವೃತ್ತಗಳಿವೆ; ಗ್ರೂವ್ಡ್ ವೇರ್ ಎಂಬ ಗೀರು ಅಲಂಕಾರದ ಮಡಕೆಗಳು ಅಲ್ಲಿ ಮೊದಲು ಕಾಣಿಸಿಕೊಂಡು ದಕ್ಷಿಣಕ್ಕೆ ಹರಡಿ, ಸ್ಟೋನ್‌ಹೆಂಜ್ ಪಕ್ಕದ ಡರಿಂಗ್ಟನ್ ವಾಲ್ಸ್‌ವರೆಗೂ ಬಂದವು. ಮತ್ತೊಂದು ಚಂದದ ಕಥೆ ತಯಾರಾಯಿತು. ಆದರೆ ಕೆಲವೇ ವಾರಗಳಲ್ಲಿ ಬೆವಿನ್ಸ್ ತಂಡ ಆರ್ಕ್ನಿಯ ಮುಖ್ಯದ್ವೀಪದ ಕಲ್ಲುಗಳನ್ನು, ಆ ವೃತ್ತಗಳ ಕಂಬಗಳನ್ನೂ ಸೇರಿಸಿ, ಅದೇ ಯಂತ್ರದಲ್ಲಿ ಅಳೆದು ಹೇಳಿತು: ಇಲ್ಲ, ಈ ದ್ವೀಪದ ಕಲ್ಲು ಅಲ್ಲ. ಹೀಗೆ ಆ ವಿಶಾಲ ಬೇಸಿನ್‌ನಲ್ಲೂ ಎಲ್ಲರಿಗೂ ಬೇಕಾಗಿದ್ದ ಜಾಗವೇ ಪಟ್ಟಿಯಿಂದ ಹೋಯಿತು. ಹುಡುಕಾಟ ಈಗ ಬೇಸಿನ್‌ನ ಉಳಿದ ಭಾಗಗಳ ಕಡೆ ತಿರುಗಿದೆ.

ಕಲ್ಲು ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

ಕ್ರಿ.ಪೂ. 2600ರ ಸುಮಾರಿಗೆ 6 ಟನ್ ಕಲ್ಲು 750 ಕಿಲೋಮೀಟರ್ ಬಂದದ್ದು ಹೇಗೆ? ಹಿಮಯುಗದಲ್ಲಿ ಹಿಮನದಿಗಳೇ ಹೊತ್ತು ತಂದವು ಅನ್ನುವವರಿದ್ದಾರೆ. ಆದರೆ ಉತ್ತರ ಸ್ಕಾಟ್ಲೆಂಡಿನ ಆ ಭಾಗದಿಂದ ಹಿಮ ಹರಿದದ್ದು ಹೆಚ್ಚಾಗಿ ಉತ್ತರಕ್ಕೆ, ದಕ್ಷಿಣ ಇಂಗ್ಲೆಂಡಿನ ಕಡೆಗಲ್ಲ. ಹಾಗಾಗಿ ಮನುಷ್ಯರೇ ತಂದರು, ಬಹುಶಃ ಸಮುದ್ರದ ಮೂಲಕ, ಅನ್ನುವುದು 'ನೇಚರ್' ಲೇಖಕರ ವಾದ. ಡರಿಂಗ್ಟನ್ ವಾಲ್ಸ್‌ನ ಹಬ್ಬದೂಟಗಳಿಗೆ ತಂದ ಹಂದಿಗಳಲ್ಲಿ ಕೆಲವು ಸ್ಕಾಟ್ಲೆಂಡಿನಷ್ಟು ದೂರದಿಂದ ಬಂದಿರಬಹುದು ಅಂತ 2019ರ ಐಸೊಟೋಪ್ ಅಧ್ಯಯನವೊಂದು ಹೇಳಿತ್ತು. ಮೈಕ್ ಪಾರ್ಕರ್ ಪಿಯರ್ಸನ್ ಮತ್ತು ಸಂಗಡಿಗರು 2024ರ ಕೊನೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈಶಾನ್ಯ ಸ್ಕಾಟ್ಲೆಂಡಿನಲ್ಲಿ ಅಡ್ಡ ಮಲಗಿಸಿದ ದೊಡ್ಡ ಕಲ್ಲಿರುವ ಶಿಲಾವೃತ್ತಗಳು ಹೇರಳ, ಆಲ್ಟರ್ ಸ್ಟೋನ್ ಕೂಡ ಮಲಗಿದ ಕಲ್ಲೇ, ಸ್ಟೋನ್‌ಹೆಂಜ್ ಅಂದರೆ ದ್ವೀಪದ ದೂರದೂರದ ಜನರ ಒಗ್ಗಟ್ಟಿನ ಗುರುತಾಗಿರಬಹುದು ಅಂದರು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. 'ಕಲ್ಲು ಆರ್ಕೇಡಿಯನ್ ಬೇಸಿನ್‌ನದು' ಅನ್ನೋದು ಅಳತೆಯಿಂದ ಬಂದ ಮಾತು. 'ಜನ ತಂದರು' ಅನ್ನೋದು ಬೇರೆ ಸಾಧ್ಯತೆಗಳನ್ನು ತೂಗಿ ನೋಡಿ ಬಂದ ಅನುಮಾನ. 'ಒಗ್ಗಟ್ಟಿಗಾಗಿ ತಂದರು' ಅನ್ನೋದು ವ್ಯಾಖ್ಯಾನ. ಮೂರಕ್ಕೂ ಒಂದೇ ತೂಕ ಕೊಟ್ಟರೆ ಮಿಲ್‌ಫರ್ಡ್ ಹೇವನ್ ಕಥೆಯೇ ಮರುಕಳಿಸುತ್ತದೆ. ಶಾಸನದಲ್ಲೂ ಪಾಠ, ಅನುವಾದ, ಐತಿಹಾಸಿಕ ಮಹತ್ವ ಅಂತ ನಾವು ಬೇರೆ ಬೇರೆ ಬರೆಯೋದು ಇದೇ ಕಾರಣಕ್ಕೆ.

ನಮ್ಮ ಶಾಸನಗಳ ಕಲ್ಲಿಗೂ ಒಂದು ಸಾಲು

ಮಂಗಲೇಶನ ಮಹಾಕೂಟ ಸ್ತಂಭಶಾಸನ ಕೆಂಪು ಮರಳುಗಲ್ಲಿನ ಕಂಬದ ಮೇಲಿದೆ. ಕಂಬ ಈಗ ಇರೋದು ವಿಜಯಪುರದಲ್ಲಿ. ಅದು ಮೊದಲು ಮಹಾಕೂಟದಲ್ಲಿತ್ತು ಅಂತ ದಾಖಲೆ ಇರುವುದರಿಂದ ಗೊಂದಲ ಇಲ್ಲ. ಆದರೆ ಊರ ಗುಡಿಯ ಗೋಡೆಗೆ, ಕೆರೆಯ ತೂಬಿಗೆ, ಮೆಟ್ಟಿಲಿಗೆ ಸೇರಿಹೋದ ಎಷ್ಟೋ ತುಂಡು ಶಾಸನಗಳಿಗೆ ಅಂಥ ದಾಖಲೆ ಇಲ್ಲ. ಪಾಠ ಅರ್ಧಕ್ಕೇ ತುಂಡಾಗಿದ್ದರೆ, ಎರಡು ತುಂಡು ಒಂದೇ ಕಲ್ಲಿನವೇ ಅನ್ನೋದನ್ನು ಅಕ್ಷರಕ್ಕಿಂತ ಚೆನ್ನಾಗಿ ಕಲ್ಲೇ ಹೇಳಬಲ್ಲದು.

ಅದಕ್ಕೆ ಮೊದಲು ಬೇಕಾದದ್ದು ಲೇಸರ್ ಯಂತ್ರವಲ್ಲ. ಹೊಸ ಶಾಸನ ಸಿಕ್ಕಾಗ ಅಳತೆ ಬರೆಯುವ ಜಾಗದಲ್ಲೇ ಒಂದು ಸಾಲು ಹೆಚ್ಚು ಬರೆಯಿರಿ: ಕಣಶಿಲೆಯೇ, ಮರಳುಗಲ್ಲೇ, ಬಳಪದ ಕಲ್ಲೇ, ಬಣ್ಣ ಏನು, ಕಣ ದಪ್ಪವೋ ನುಣುಪೋ, ಪದರಗಳು ಕಾಣುತ್ತವೆಯೇ, ಸುತ್ತಲಿನ ಬಂಡೆ ಅದೇ ಜಾತಿಯದೇ. ನೆರಳು-ಬೆಳಕಿನ ಫೋಟೋ ಜೊತೆ ಕಲ್ಲಿನ ಮೈಯ ಒಂದು ಹತ್ತಿರದ ಫೋಟೋ ಇರಲಿ. ಚಕ್ಕೆ ಒಡೆಯೋದು ಮಾತ್ರ ಬೇಡವೇ ಬೇಡ, ಅದು ತಪ್ಪೂ ಹೌದು, ಕಾನೂನಿಗೆ ವಿರುದ್ಧವೂ ಹೌದು. ತಾನಾಗಿ ಉದುರಿದ್ದು ಸಂಬಂಧಪಟ್ಟ ಇಲಾಖೆಯವರ ಕೈ ಸೇರಿದರೆ, ಎಲ್ಲಿಯದು, ಯಾವತ್ತು, ಯಾವ ಕಲ್ಲಿನದು ಅಂತ ಒಂದು ಚೀಟಿ ಅದರ ಜೊತೆಗಿರಲಿ. 1844ರಲ್ಲಿ ಒಬ್ಬರು ಹಾಗೆ ಚೀಟಿ ಹಚ್ಚಿ ಇಟ್ಟದ್ದಕ್ಕೆ 180 ವರ್ಷದ ಮೇಲೆ ಒಂದು ಕಲ್ಲಿಗೆ ಅದರ ಸೀಮೆ ವಾಪಸ್ ಸಿಕ್ಕಿತು.